ಚೆಂಡಿನ ಮೇಲಿನ ಸಹಿ

ಕನ್ನಡಕದ ಅಂಗಡಿಯವನ ಮನೆಯಲ್ಲಿದ್ದ ಗಾಜಿನ ಶೋಕೇಸಿಗೆ ಒಂದು ಕಾಲು ಮೂರು ಬೆರಳಷ್ಟು ಗಿಡ್ಡ. ಮನೆಯ ಬೈಬಲ್ಲಿನ ದಪ್ಪವೂ ಸರಿಯಾಗಿ ಮೂರೇ ಬೆರಳು. ಎಲ್ಲ ತಾಪತ್ರಯಕ್ಕೂ ಇದೇ ಮೂಲ.

ಶೋಕೇಸಿನೊಳಗೆ, ಪುಟ್ಟ ದೀಪದ ಕೆಳಗೆ, ಮಖಮಲ್ಲಿನ ಮೇಲೆ ಒಂದು ಫುಟ್‌ಬಾಲ್ ಮದುಮಗನಂತೆ ಕೂತಿತ್ತು. ಅದರ ಮೇಲೆ ಹೆಸರಾಂತ ಗೋಲ್‌ಕೀಪರನೊಬ್ಬನ ಸಹಿ. ಹೆಂಡತಿಗೆ ಅದನ್ನು ಮುಟ್ಟಲೂ ಅಪ್ಪಣೆಯಿರಲಿಲ್ಲ. ಲೆನ್ಸ್ ಒರೆಸುವ ಬಟ್ಟೆಯಲ್ಲಿ ಅವನೇ ಒರೆಸುತ್ತಿದ್ದ.

ಶನಿವಾರ ಮಧ್ಯಾಹ್ನ ಮಹಡಿ ಮನೆಯ ಟೀಚರಮ್ಮ ಮೆಟ್ಟಿಲಿಂದಲೇ ಕೂಗಿದರು. "ಹೊಸ ಫಾದರ್ ಮನೆಮನೆಗೂ ಬರ್ತಿದಾರೆ ಕಣ್ರೀ! ಪಕ್ಕದ್ಮನೇಲಿದಾರೆ. ಅವರವರ ಮನೆ ಬೈಬಲ್ಲೇ ತರಿಸಿ ಓದ್ತಾರಂತೆ!"

ಹೆಂಡತಿ ಗಂಡನನ್ನು ನೋಡಿದಳು. ಗಂಡ ಶೋಕೇಸಿನ ಕಾಲನ್ನು ನೋಡಿದ.

"ಬಡ್ಕೊಂಡೆ, ದೇವರ ಮಾತನ್ನ ಕಾಲಡಿ ಇಡಬೇಡಿ ಅಂತ!"

"ಉಪದೇಶ ಆಮೇಲೆ ಮಾಡು, ಮೊದಲು ಏನಾದ್ರೂ ಗಟ್ಟಿಯಾದ್ದು ತಾರೇ!"

ಬೈಬಲ್ ಎಳೆದು ಚಪ್ಪಲಿ ಇಟ್ಟರೆ ಅಪ್ಪಚ್ಚಿಯಾಯಿತು. ಸೋಪಿನ ಡಬ್ಬಿ ಇಟ್ಟರೆ ಪಟ್ಟೆಂದಿತು. ಶೋಕೇಸು ಕುಡುಕನಂತೆ ವಾಲುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬೇರೆ ದಾರಿ ಕಾಣದೆ ಅವನು ತನ್ನ ಬಲಪಾದವನ್ನೇ ಅದರಡಿ ತೂರಿಸಿ, ಬೈಬಲ್ಲನ್ನು ಎದೆಗವಚಿ, ಹುಣಸೆಕಾಯಿ ಕಚ್ಚಿದವನಂತೆ ನಗುತ್ತ ನಿಂತ.

ಫಾದರ್ ಬಂದರು. ಯಾರೂ ಕರೆಯದಿದ್ದರೂ ಹಿಂದೆಯೇ ಟೀಚರಮ್ಮನೂ ಬಂದರು.

"ಕೂತ್ಕೊಳ್ಳಿ," ಎಂದರು ಫಾದರ್.

"ದೇವರ ವಾಕ್ಯ ಓದುವಾಗ ನಾನು ಕೂರೋದಿಲ್ಲ ಫಾದರ್."

"ಎಂಥಾ ಭಕ್ತಿ!" ಎಂದರು ಟೀಚರಮ್ಮ.

ಫಾದರ್ ಖುಷಿಯಾಗಿ ಬೈಬಲ್ ಇಸಕೊಂಡು ಎಲ್ಲಕ್ಕಿಂತ ಉದ್ದದ ಅಧ್ಯಾಯವನ್ನೇ ಹಿಡಿದರು. ಶೋಕೇಸಿನಡಿ ಅವನ ಕಾಲ್ಬೆರಳುಗಳು ಒಂದೊಂದಾಗಿ ಪ್ರಾಣ ಬಿಡತೊಡಗಿದವು. ಅವನ ಕಣ್ಣಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಅದನ್ನು ನೋಡಿ ಟೀಚರಮ್ಮನೂ ಮೂಗು ಸೊರಸೊರ ಎಳೆದುಕೊಂಡರು. ಕೊನೆಗೆ ಫಾದರ್, "ಎಲ್ಲರೂ ಮಂಡಿಯೂರೋಣ," ಎಂದರು.

ಅವನು ಮಂಡಿ ಬಗ್ಗಿಸಿದ. ಶೋಕೇಸೂ ಬಗ್ಗಿತು. ಗಾಜು ಫಳಾರನೆ ಒಡೆದು, ಚೆಂಡು ಉರುಳುತ್ತ ಹೋಗಿ ಫಾದರ್ ಮುಂದೆ ನಿಂತಿತು.

ಇನ್ನು ಮುಚ್ಚಿಟ್ಟು ಫಲವಿಲ್ಲ. "ತಪ್ಪಾಯ್ತು ಫಾದರ್," ಎಂದು ಅವನು ಕಣ್ಣು ಮುಚ್ಚಿ ಬಡಬಡಿಸಿದ. "ಚೆಂಡನ್ನ ಮೇಲಿಟ್ಟು ದೇವರನ್ನ ಕೆಳಗಿಟ್ಟೆ. ಕ್ಷಮಿಸಿಬಿಡಿ."

ಕಣ್ಣು ಬಿಟ್ಟರೆ ಫಾದರ್ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತ ಬಿಳಿಚಿಕೊಂಡಿದ್ದರು.

"ಕ್ಷಮೆ ಕೇಳಬೇಕಾದವನು ನಾನು," ಎಂದರು ಮೆಲ್ಲಗೆ. "ಪಾದ್ರಿಯಾಗೋ ಮುಂಚೆ ಆಟದ ಸಾಮಾನಿನ ಅಂಗಡೀಲಿ ಕೆಲಸಕ್ಕಿದ್ದೆ. ಯಜಮಾನ ಹೇಳಿದ ಅಂತ ಚೆಂಡುಗಳ ಮೇಲೆ ದೊಡ್ಡ ಆಟಗಾರರ ಸಹಿ ಗೀಚ್ತಿದ್ದೆ. ಈ ಸಹಿಯ ಬಾಲ ನೋಡಿ, ನನ್ನ ಕೈಯಕ್ಷರಾನೇ. ಆ ಪಾಪ ಇವತ್ತಿಗೂ ಚುಚ್ಚುತ್ತೆ. ಕ್ಷಮಿಸ್ತೀರಾ?"

ಅವನು ಚೆಂಡನ್ನೊಮ್ಮೆ, ಫಾದರನ್ನೊಮ್ಮೆ ನೋಡಿದ. ಹೆಂಡತಿ ತೋಳು ಚಿವುಟಿದಳು. "ಈಗಷ್ಟೇ ನೀವು ಕೇಳಿದ್ರಲ್ಲ? ಈಗ ಕೊಡಿ!"

"ಕ್ಷ... ಕ್ಷಮಿಸಿದೆ ಫಾದರ್."

ಫಾದರ್ ಅವನನ್ನು ಬಾಚಿ ತಬ್ಬಿಕೊಂಡರು. "ದೇವರು ದೊಡ್ಡೋನು! ನಾಳೆ ಚರ್ಚಿನ ಪೂಜೆಗೆ ಈ ಚೆಂಡು ಹಿಡ್ಕೊಂಡು ನನ್ನ ಪಕ್ಕ ನಿಂತ್ಕೊಳ್ಳಿ. ಎಲ್ಲರ ಮುಂದೆ ಒಪ್ಕೊಂಡುಬಿಡ್ತೀನಿ!"

ಅಷ್ಟು ಜನರೆದುರು! ಇದೊಂದನ್ನು ತಪ್ಪಿಸಿ ಎಂದು ಬೇಡಿಕೊಳ್ಳಲು ಅವನು ಬಾಯಿ ತೆರೆದ. ಆದರೆ ಟೀಚರಮ್ಮ ಆಗಲೇ ಮೆಟ್ಟಿಲ ಮೇಲೆ ನಿಂತು ಕೇರಿಗೆಲ್ಲ ಕೂಗುತ್ತಿದ್ದರು.

"ಕೇಳಿದ್ರೇನ್ರೀ? ನಮ್ಮ ಕನ್ನಡಕದವರಿಗೆ ಇಷ್ಟು ವರ್ಷ ಕಣ್ಣೇ ಕಾಣ್ತಿರಲಿಲ್ವಂತೆ!"