ಮಾವಂದಿರ ದಾರಿಯಲ್ಲಿ ಸೈಕಲ್ಲು

“ಮತ್ತ ದಾರ್‍ಯಾಗ ಎಲ್ಲಿ ಕುಂತಿರ್ತೀರಿ? ಅದನ್ನ ಹೇಳ್ರಿ ಮೊದ್ಲು!”

“ಕುಂತ್ರ ಯಾಕ ತಡ ಆಗ್ತಿತ್ತು? ಕುಂದ್ರಾಕ ಯಾರೂ ಬಿಡವಲ್ರು, ಅದಕ್ಕ ತಡ ಆಗಾಕತ್ತೈತಿ!”

“ನಡಕೊಂಡು ಹೋಗೋ ಮುದುಕಮ್ಮ ಹೊಸಪೇಟ್ಯಾಗ ಮಜ್ಜಿಗಿ ಮಾರಿ ತಿರುಗಿ ಮನಿಗೆ ಬಂದಿರ್ತಾಳ. ಸೈಕಲ್ ಮ್ಯಾಲೆ ಹೋಗಾವ್ರು ನೀವು ಇನ್ನೂ ಅನಂತಶಯನಗುಡಿ ದಾಟಿರಂಗಿಲ್ಲ. ಹೋಟ್ಲಾಗ ಮಿರ್ಚಿ ತಿಂತೀರೋ, ಇಸ್ಪೀಟು ಆಡ್ತೀರೋ?”

ಮಲಪನಗುಡಿಯ ಆ ಅಂಗಳದಲ್ಲಿ ಕಸ ಬಿದ್ದಿತ್ತು, ನೀರು ಹಾಕಿರಲಿಲ್ಲ, ಜಗಳ ಮಾತ್ರ ಆಗಲೇ ಶುರುವಾಗಿತ್ತು. ಪೊರಕೆ ಹಿಡಿದು ನಿಂತವಳು ಸುವರ್ಣಮ್ಮ. ಸೈಕಲ್ಲು ಹಿಡಿದು ನಿಂತವನು ಅವಳ ಗಂಡ ಮೂಕಪ್ಪ. ಕಂಪ್ಲಿ ಕಡೆಯಿಂದ ಈ ಮನೆಗೆ ಮನೆ ಅಳಿಯನಾಗಿ ಬಂದವನು, ಹೊಸಪೇಟೆಯ ಅಕ್ಕಿ ಗಿರಣಿಯಲ್ಲಿ ಭತ್ತ ತೂಗುವ ಗುಮಾಸ್ತ. ಅವನು ಹೋಗಿ ತಕ್ಕಡಿ ಮುಟ್ಟುವ ತನಕ ಒಂದು ಬಂಡಿಯೂ ಗಿರಣಿಯ ಒಳಗೆ ಬರುವಂತಿರಲಿಲ್ಲ. ನಮ್ಮ ಬಳ್ಳಾರಿ ಸೀಮೆ ಇನ್ನೂ ಮದರಾಸಿನವರ ಕೈಯಲ್ಲಿದ್ದ ಕಾಲ ಅದು. ಸೈಕಲ್ಲು ಕಂಡರೆ ಎತ್ತುಗಳೂ ತಿರುಗಿ ನೋಡುತ್ತಿದ್ದವು. ನಡೆದು ಬಂದರೆ ತಡವಾಗುತ್ತದೆ ಎಂದು ಸಾವುಕಾರ ಮರುಳಸಿದ್ದಪ್ಪ ಗಿರಣಿಯ ಹಳೆಯ ಸೈಕಲ್ಲನ್ನು ಇವನಿಗೆ ಕೊಟ್ಟಿದ್ದ. ಕೊಟ್ಟ ಮೇಲೆ ಮೂಕಪ್ಪ ಮೊದಲಿಗಿಂತಲೂ ತಡವಾಗಿ ಹೋಗತೊಡಗಿದ. ಸಾವುಕಾರ ತಲೆ ಕೆಟ್ಟು ನಿನ್ನೆ ಕಡೆಯ ಮಾತು ಹೇಳಿಬಿಟ್ಟಿದ್ದ: “ನಾಳೆ ಗಂಟಿ ಹೊಡೆದಾಗ ನೀ ತಕ್ಕಡಿ ಹತ್ರ ಇರದಿದ್ರ, ಅಲ್ಲಿ ನನ್ನ ಷಡ್ಡಕನ ಮಗ ಇರ್ತಾನ.”

ಮನೆ ಅಳಿಯನಾದವನಿಗೆ ನೌಕರಿಯೂ ಹೋದರೆ ಆಮೇಲೆ ಊರಿನಲ್ಲಿ ಏನು ಮುಖ ಉಳಿಯುತ್ತದೆ!

“ಹೋಟ್ಲಲ್ಲ, ಇಸ್ಪೀಟಲ್ಲ. ನಿನ್ನ ಬಳಗ!” ಎಂದ.

“ಏನಂದ್ರಿ? ನನ್ನ ಬಳಗ ನಿಮಗ ಏನು ಮಾಡೈತಿ?”

“ಏನೂ ಮಾಡಿಲ್ಲ ಮಾರಾಯ್ತಿ. ಸುಮ್ನ ದಾರ್‍ಯಾಗ ನಿಂತಿರ್ತೈತಿ.”

“ಅವ್ರ ಊರು, ಅವ್ರ ದಾರಿ. ನಿಲ್ಲಬಾರ್ದೇನು?”

“ನಿಲ್ಲಲಿ. ಆದ್ರ ಈ ಊರಾಗ ಎಲ್ಲಾರೂ ನನಗ ಮಾವ, ಎಲ್ಲಾರೂ ಅತ್ತಿ. ಮಾವ ನೆಲದ ಮ್ಯಾಲೆ ನಿಂತಾಗ ಅಳಿಯ ಮ್ಯಾಲೆ ಕುಂತು ಹೋಗಬಹುದೇನು?”

“ಅಯ್ಯ ಶಿವನೇ! ನಾಲಿಗಿ ಕಡಕೊಳ್ರಿ. ಇಳಿದು ಶರಣಾರ್ಥಿ ಅನ್ನಬೇಕು.”

“ಅದನ್ನೇ ಮಾಡಾಕತ್ತೀನಿ! ಮನಿ ದಾಟೋದ್ರಾಗ ನಿಮ್ಮ ಹಿರೇ ಕಾಕಾ. ಇಳೀಬೇಕು. ಮಾರು ದೂರ ಹೋಗೋದ್ರಾಗ ಸಣ್ಣ ಕಾಕಾ. ಇಳೀಬೇಕು. ‘ಹುಡುಗಿ ಆರಾಮ ಅದಾಳ?’ ಅಂತಾನ. ನೀನು ಅವನ ಪಕ್ಕದ ಮನ್ಯಾಗ ಇರ್ತಿ, ದಿನಾ ಬೆಳಿಗ್ಗೆ ನಿನ್ನ ಬಾಯಿ ಅವನ ಕಿವಿಗೆ ಬಿದ್ದಿರ್ತೈತಿ, ಆದ್ರೂ ಕೇಳ್ತಾನ!”

“ಪ್ರೀತಿಲೆ ಕೇಳ್ತಾನ.”

“ನಿಮ್ಮ ಬಳಗದ ತಾಯಕ್ಕನದು ಇನ್ನೂ ಪ್ರೀತಿ. ನನ್ನ ಕಂಡಕೂಡ್ಲೆ ಸೆರಗು ಎಳಕೊಂಡು ಬೇವಿನ ಮರದ ಹಿಂದ ಹೋಗ್ತಾಳ. ಅಳಿಯ ಹೋಗೋ ತನಕ ಆಕಿ ಹೊರಗ ಬರಂಗಿಲ್ಲ. ಅತ್ತಿ ಹೋಗೋ ತನಕ ನಾ ಸೈಕಲ್ ಹತ್ತಂಗಿಲ್ಲ. ಆಕಿ ಮರದ ಹಿಂದ, ನಾ ಸೈಕಲ್ ಹಿಂದ. ನಿನ್ನೆ ಹಂಗ ನಿಂತು ನಿಂತು ನನ್ನ ನೆಳ್ಳು ಸಣ್ಣದಾತು!”

ಸುವರ್ಣಮ್ಮ ಪೊರಕೆ ಕೆಳಗಿಟ್ಟಳು. ತಾಯಕ್ಕನ ನಡತೆಯಲ್ಲಿ ಅವಳಿಗೆ ಒಂದು ತಪ್ಪೂ ಕಾಣಲಿಲ್ಲ. ಗಂಡನದೇ ಏನೋ ಮೋಸ ಇರಬೇಕು ಎಂದು ಅವಳ ಮನಸ್ಸು ಹೇಳುತ್ತಿತ್ತು.

“ಇಳಿದ್ರಿ, ಶರಣಾರ್ಥಿ ಅಂದ್ರಿ. ತಿರುಗಿ ಹತ್ತಾಕ ಏನು ಬ್ಯಾನಿ?”

ಈ ಪ್ರಶ್ನೆ ಬರಬಾರದೆಂದೇ ಮೂಕಪ್ಪ ಇಷ್ಟು ದಿನ ಬೇಡಿಕೊಂಡಿದ್ದ. ಅವನು ಗಿಡ್ಡ ಆಳು, ಸೈಕಲ್ಲು ಎತ್ತರದ್ದು. ಬಾವಿ ಕಟ್ಟೆಯ ಮೇಲೆ ನಿಂತು ಹತ್ತುವುದನ್ನು ಕಲಿತಿದ್ದ. ಕಟ್ಟೆಯೋ ಕಲ್ಲೋ ಇಲ್ಲದೆ ಅವನಿಗೆ ಹತ್ತಲು ಬರುತ್ತಿರಲಿಲ್ಲ.

“ಮೈಲಿಗಲ್ಲು ಬರೋ ತನಕ ತಳ್ಳಿಕೊಂಡು ಹೋಗ್ತೀನಿ,” ಎಂದ ಸಣ್ಣ ದನಿಯಲ್ಲಿ. “ಕಲ್ಲು ಹತ್ತಿ ಸೈಕಲ್ ಹತ್ತಿದೆ ಅನ್ನೋದ್ರಾಗ ಇನ್ನೊಬ್ಬ ಮಾವ ಬರ್ತಾನ.”

“ಥೂ ನಿಮ್ಮ! ಒಂದು ಸ್ಟೂಲು ಕಟ್ಟಿಕೊಂಡು ಹೋಗ್ರಿ.”

“ಒಯ್ದಿದ್ನಲ್ಲ, ಹೋದ ಸೋಮವಾರ. ಸ್ಟೂಲು ಇಟ್ಟೆ, ಹತ್ತಿದೆ, ಹೊಂಟೆ. ಸ್ಟೂಲು ಅಲ್ಲೇ ಉಳೀತು.”

“ಇಳಿದು ತಗೋಬೇಕು!”

“ತಗೊಂಡೆ. ಮತ್ತ ಹತ್ತಾಕ ಸ್ಟೂಲು ಇಟ್ಟೆ.”

ಸುವರ್ಣಮ್ಮ ಬಾಯಿ ತೆರೆದಳು, ಯೋಚಿಸಿದಳು, ಮುಚ್ಚಿದಳು. ಮದುವೆಯಾದಾಗಿನಿಂದ ಅವಳ ಬಾಯಿ ಕಟ್ಟಿದ್ದು ಇದೇ ಮೊದಲು.

“ಗಂಟಿ ಬಾರಿಸ್ರಿ. ಸರಿದು ಆಕಡೆ ಮುಖ ಮಾಡ್ತಾರ.”

“ಬಾರಿಸಿದೆ. ಮನ್ಯಾಗ ಇದ್ದ ಮಾವಂದ್ರೆಲ್ಲ ನೋಡಾಕ ಹೊರಗ ಬಂದ್ರು.”

“ಮುಖಕ್ಕ ಟವೆಲ್ ಸುತ್ತಿಕೊಂಡು ಹೋಗ್ರಿ!”

“ಈ ಊರಾಗ ಇರೋದೇ ಒಂದು ಸೈಕಲ್. ಮುಖ ಯಾರು ನೋಡ್ತಾರ?”

ಕಟ್ಟೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಕುಳಿತಿದ್ದ ಜಡೆಪ್ಪಜ್ಜನಿಗೆ ಈ ಗದ್ದಲ ಕೇಳಿ ಕೇಳಿ ಸಾಕಾಯಿತು. ಅವನು ಸುವರ್ಣಮ್ಮನ ಅಜ್ಜ, ಊರಿಗೆಲ್ಲ ಹಿರಿಯ. ಅವನು ಶರಣಾರ್ಥಿ ಮಾಡಬೇಕಾದವರು ಆ ಸುತ್ತಿನಲ್ಲಿ ಯಾರೂ ಉಳಿದಿರಲಿಲ್ಲ. ಅವನಿಗೇ ಎಲ್ಲರೂ ಮಾಡಬೇಕು.

“ಏನಲೇ ಅದು? ಉಣ್ಣೋ ಅನ್ನಕ್ಕ ಜಗಳಾಡಿದ್ರ ಒಂದು ಚಂದ. ಕಬ್ಬಿಣಕ್ಕ ಜಗಳಾಡ್ತೀರಲ್ಲ!”

ಸುವರ್ಣಮ್ಮ ಅಜ್ಜನನ್ನು ನೋಡಿದಳು. ಸೈಕಲ್ಲಿನ ಹಿಂದಿನ ಕ್ಯಾರಿಯರನ್ನು ನೋಡಿದಳು. ಮತ್ತೆ ಅಜ್ಜನನ್ನು ನೋಡಿದಳು. ಅವಳ ಮುಖ ಬೆಳಗಿದ್ದನ್ನು ಕಂಡು ಮೂಕಪ್ಪ ಸೈಕಲ್ಲನ್ನು ತನ್ನ ಕಡೆಗೆ ಎಳೆದುಕೊಂಡ.

“ಅಜ್ಜಾ, ನೀ ಇವ್ರ ಹಿಂದ ಕುಂದ್ರು. ನಿನ್ನ ಹೊತ್ತುಕೊಂಡು ಹೋಗಾವ್ರು ಯಾರಿಗಾದ್ರೂ ಇಳೀಬೇಕೇನು?”

“ಯಾರಿಗೂ ಇಳಿಯಂಗಿಲ್ಲ. ಅವ್ರೇ ನನಗ ನಿಂತು ಶರಣಾರ್ಥಿ ಅನ್ನಬೇಕು.”

“ಮತ್ತಿನ್ನೇನು! ಹತ್ತು.”

“ಲೇ ಸುವರ್ಣಿ,” ಮೂಕಪ್ಪ ಕೈ ಮುಗಿದ, “ಹಿರೇರಿಗೆ ಬೆನ್ನು ಮಾಡಿ ನಾ ಹೆಂಗ ಕುಂದ್ರಲಿ?”

ಈ ತೊಡಕು ಭಾರಿಯಾದದ್ದೇ. ಕಡೆಗೆ ಅಜ್ಜನೇ ತೀರ್ಪು ಕೊಟ್ಟ.

“ನಾನೂ ನಿನಗ ಬೆನ್ನು ಮಾಡಿ ಕುಂದ್ರತೀನಿ. ಅಲ್ಲಿಗೆ ಇಬ್ರದೂ ಸರಿಹೋತು.”

ಕಟ್ಟೆಯ ಮೇಲಿಂದ ಇಬ್ಬರೂ ಹತ್ತಿದರು. ಹೀಗೆ ಮಲಪನಗುಡಿಯಿಂದ ಹೊಸಪೇಟೆಗೆ ಸೈಕಲ್ಲು ಹೊರಟಿತು. ಮುಂದೆ ಮುಖ ಮಾಡಿ ಮೂಕಪ್ಪ, ಹಿಂದೆ ಮುಖ ಮಾಡಿ ದೊಡ್ಡ ರುಮಾಲಿನ ಜಡೆಪ್ಪಜ್ಜ, ಇಬ್ಬರ ಬೆನ್ನೂ ಒಂದಕ್ಕೊಂದು ಅಂಟಿಕೊಂಡಿತ್ತು. ಹಿರೇ ಕಾಕಾ ಎದ್ದು ನಿಂತು ಕೈ ಮುಗಿದ. ಸಣ್ಣ ಕಾಕಾ ಚಪ್ಪಲಿ ಬಿಟ್ಟು ಕೈ ಮುಗಿದ. ತಾಯಕ್ಕ ಮರದ ಹಿಂದೆ ಹೋಗಲೂ ಮರೆತು ನಿಂತಲ್ಲೇ ಬಗ್ಗಿದಳು.

“ತಾಯಕ್ಕಾ, ನಿಮ್ಮ ಎಮ್ಮಿ ಕರ ಹಾಕಿತೇನು?” ಅಜ್ಜ ಕೂಗಿದ.

“ಹೂಂರೀ, ಹೆಣ್ಣು ಕರಾ...”

“ಹಾಂ? ದೂರ ಹೋದಿಯಲ್ಲ, ಕೇಳವಲ್ದು! ಲೇ ಮೂಕಪ್ಪ, ಎಲ್ಲಾರೂ ಯಾಕ ಹಿಂದಕ್ಕ ಹೋಗಾಕತ್ತಾರ?”

“ಅವ್ರು ಹೋಗವಲ್ರು ಅಜ್ಜ, ನಾವು ಮುಂದಕ್ಕ ಹೊಂಟೀವಿ!”

ಮೂಕಪ್ಪನಿಗೆ ಜನ್ಮದಲ್ಲಿ ಮೊದಲ ಸಲ ಗಾಳಿ ಮುಖಕ್ಕೆ ಬಡಿಯಿತು. ಸೈಕಲ್ಲು ಅಂದರೆ ಇದು! ಹೊಸಪೇಟೆಯ ಬಜಾರು ಎಂದಿನಂತೆ ಕಿಕ್ಕಿರಿದಿತ್ತು: ಕಬ್ಬಿನ ಬಂಡಿ, ಜಟಕಾ, ದಾರಿಗೆ ಅಡ್ಡ ಮಲಗಿದ ಎಮ್ಮೆ. ಆದರೆ ಅಜ್ಜನ ರುಮಾಲು ಕಂಡ ಬಂಡಿಯವರು “ಸರೀರಲೇ, ಜಡೆಪ್ಪಜ್ಜಾರು!” ಎಂದು ಎತ್ತುಗಳನ್ನು ಬದಿಗೆ ಎಳೆದರು. ಒಬ್ಬ ಪೊಲೀಸಿನವನು ಮಾತ್ರ ಕೈ ಅಡ್ಡ ಹಿಡಿದ.

“ಏಯ್, ಇಬ್ರು ಕುಂತೀರಲ್ಲ! ಇಳೀರಿ!”

ಅಜ್ಜ ಕತ್ತು ತಿರುಗಿಸಿದ. “ನೀ ಯಾರ ಪೈಕಿಲೇ?”

“ಕಮಲಾಪುರದ ಹಂಪಮ್ಮನ ಮೊಮ್ಮಗರೀ...”

“ಹಂಪಮ್ಮನ ಮದುವ್ಯಾಗ ಅಕ್ಕಿ ಕಾಳು ಹಾಕಿದಾವ ನಾನು. ಸರಿ ಆಕಡೆ!”

ಪೊಲೀಸಿನವನು ಸರಿದದ್ದಷ್ಟೇ ಅಲ್ಲ, ಮುಂದಿನ ಎಮ್ಮೆಯನ್ನೂ ಎಬ್ಬಿಸಿದ.

ಗಿರಣಿಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಮೂಕಪ್ಪ ತಕ್ಕಡಿಯ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ. ನೌಕರಿ ಉಳಿಯಿತು ಎಂದು ಮನಸ್ಸಿನಲ್ಲೇ ಹೆಂಡತಿಗೆ ಕೈ ಮುಗಿದ. ಅಜ್ಜ ನೆಟ್ಟಗೆ ಸಾವುಕಾರನ ಕೋಣೆಗೆ ನಡೆದ.

ಮರುಳಸಿದ್ದಪ್ಪ ದೊಡ್ಡ ಕುರ್ಚಿಯಲ್ಲಿ ಎಲೆಯಡಿಕೆ ಜಗಿಯುತ್ತ ಕುಳಿತಿದ್ದ. ಅವನ ಹೆಂಡತಿ ಅಜ್ಜನ ತಮ್ಮನ ಮಗಳು. ಅಂದರೆ ಅವನೂ ಮಲಪನಗುಡಿಯ ಅಳಿಯನೇ. ಮಾವನ ಮನೆಗೆ ಬರುವಾಗಲೆಲ್ಲ ಪರದೆ ಬಿಟ್ಟ ಬಂಡಿಯಲ್ಲಿ ಬರುತ್ತಿದ್ದುದರಿಂದ ಆ ದಾರಿಯ ಮರ್ಯಾದೆ ಅವನಿಗೆ ತಿಳಿದಿರಲಿಲ್ಲ. ಅಜ್ಜನನ್ನು ಕಂಡವನೇ ಧಡಕ್ಕನೆ ಎದ್ದ. ಹಿರಿಯರ ಮುಂದೆ ಬಾಯಲ್ಲಿ ಎಲೆಯಡಿಕೆ ಇರಬಾರದು, ಅವರೆದುರು ಉಗುಳಲೂಬಾರದು. ಪಾಪ, ನುಂಗಿಯೇ ಬಿಟ್ಟ.

“ಶರ... ಶರಣಾರ್ಥಿರೀ ಮಾವಾರ.”

“ಶರಣಾರ್ಥಿ. ಕುಂದ್ರತೀನಿ,” ಎಂದು ಅಜ್ಜ ಆ ಕುರ್ಚಿಯಲ್ಲೇ ಕುಳಿತ. ಮೆತ್ತಗಿತ್ತು. “ಮಸ್ತ್ ಐತಿ ಬಿಡು ಇದು. ನೀ ಯಾಕ ನಿಂತಿ?”

“ನಿಮ್ಮ ಮುಂದ ಕುಂದ್ರಬಾರ್ದಲ್ರೀ.”

“ಹೌದಲ್ಲ. ನಿಲ್ಲು ಮತ್ತ.”

ಗಂಟೆ ಹೊಡೆಯಿತು, ಬಂಡಿಗಳು ಬಂದವು. ಆದರೆ ಭತ್ತ ತಂದವರೆಲ್ಲ ಸುತ್ತಿನ ಹಳ್ಳಿಯವರೇ. ಮೊದಲು ಅಜ್ಜನಿಗೆ ಶರಣಾರ್ಥಿ, ಆಮೇಲೆ ಯೋಗಕ್ಷೇಮ, ಆಮೇಲೆ ತಕ್ಕಡಿ. ಬಂಡಿಗಳ ಸಾಲು ಗೇಟು ದಾಟಿ ಸ್ಟೇಷನ್ ರಸ್ತೆಗೆ ಮುಟ್ಟಿತು. ಸಾವುಕಾರ ಬಾಗಿಲ ಮರೆಯಿಂದ ಮೂಕಪ್ಪನನ್ನು ಸನ್ನೆ ಮಾಡಿ ಕರೆದ.

“ಲೇ, ಇವ್ರನ್ನ ಜಲ್ದಿ ಮನಿಗೆ ಮುಟ್ಟಿಸು. ನಾ ಬೆಳಗಿನಿಂದ ನಿಂತೀನಿ. ಒಬ್ಬರಿಗೂ ಬೈಯಾಕ ಬರವಲ್ದು ಇವ್ರ ಮುಂದ!”

“ಮುಟ್ಟಿಸ್ತೀನ್ರಿ. ಆದ್ರ ತಿರುಗಿ ನಾ ಒಬ್ನೇ ಬರಬೇಕಲ್ರಿ, ಸಂಜಿ ಆಗ್ತೈತಿ.”

“ಯಾಕ?”

“ಮಾವಂದ್ರು ಇರ್ತಾರ್ರಿ. ತಡ ಆಗಬಾರ್ದು ಅಂದ್ರ ಅಜ್ಜಾರನ್ನ ಮತ್ತ ಕರಕೊಂಡು ಬರಬೇಕಾಗ್ತೈತಿ.”

“ಬ್ಯಾಡಪ್ಪಾ, ಬ್ಯಾಡ!”

“ಹಂಗಾರ ಇಲ್ಲೇ ಇರ್ಲೇನ್ರಿ?”

“ಅದೂ ಬ್ಯಾಡ! ಅಲ್ಲೋ, ದಾರ್‍ಯಾಗ ಮಾವಂದ್ರು ಇದ್ರ ನಿನ್ನ ಸೈಕಲ್ ಯಾಕ ನಿಲ್ತೈತಿ? ನೆವ ಹೇಳ್ತಿ ನೀನು. ಸೈಕಲ್ ಅಂದ್ರ ಹಿಂಗ ಹೋಗಿ ಹಂಗ ಬರಬೇಕು!”

ಈ ಕಡೆಯ ಮಾತು ಸ್ವಲ್ಪ ಗಟ್ಟಿಯಾಯಿತು. ಕುರ್ಚಿಯಿಂದ ಅಜ್ಜನ ದನಿ ಬಂತು.

“ಹೌದೇನೋ ಮರುಳಸಿದ್ದಪ್ಪ? ಅಷ್ಟು ಜಲ್ದಿ ಬರ್ತೈತೇನು? ಹಂಗಾರ ನೀನೇ ಹೋಗಿ ಸುವರ್ಣಿ ಕೈಲೆ ನನ್ನ ರೊಟ್ಟಿ ಬುತ್ತಿ ಇಸಕೊಂಡು ಬಾ. ಇಲ್ಲಿ ಎಲ್ಲಾರೂ ಕೆಲಸ ಮಾಡಾಕತ್ತಾರ. ಸುಮ್ನ ನಿಂತಾವ ನೀ ಒಬ್ನೇ.”

ಸಾವುಕಾರ ಮೂಕಪ್ಪನ ಮುಖ ನೋಡಿದ. ಮೂಕಪ್ಪ ತಕ್ಕಡಿಯ ಮುಳ್ಳು ನೋಡಿದ. ಮಾವನ ಮಾತು ಮೀರುವ ಅಳಿಯ ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮರುಳಸಿದ್ದಪ್ಪ ಪಂಚೆ ಎತ್ತಿ ಕಟ್ಟಿ, ರೇಷ್ಮೆ ಅಂಚಿನ ಶಲ್ಯ ಹೊದ್ದು ಸೈಕಲ್ಲು ಹತ್ತಿದ. ಎತ್ತರದ ಆಳಾದ್ದರಿಂದ ಹತ್ತುವುದೇನೋ ಸಲೀಸಾಗಿ ಹತ್ತಿದ.

ಹೊತ್ತು ನೆತ್ತಿಗೇರಿತು. ಸಾವುಕಾರ ಬರಲಿಲ್ಲ. ಬಂಡಿಯವರೊಬ್ಬರು ತಂದ ಬಾಳೆಹಣ್ಣು ತಿಂದು ಅಜ್ಜ ಕುರ್ಚಿಯಲ್ಲೇ ಒಂದು ನಿದ್ದೆ ತೆಗೆದ. ಮೂಕಪ್ಪನಿಗೆ ಮೊದಲು ಒಳಗೊಳಗೇ ನಗು ಬಂತು, ಆಮೇಲೆ ಹೆದರಿಕೆ ಹತ್ತಿತು. ಈ ಮನುಷ್ಯ ಸಿಟ್ಟಿನಲ್ಲಿ ಬಂದರೆ ತನ್ನ ಕಥೆ ಮುಗಿದ ಹಾಗೆ. ಷಡ್ಡಕನ ಮಗ ತಕ್ಕಡಿ ಹಿಡಿದು ನಿಂತಂತೆಯೇ ಅವನಿಗೆ ಕಾಣತೊಡಗಿತು.

ದೀಪ ಹಚ್ಚುವ ಹೊತ್ತಿಗೆ ಗೇಟಿನ ಹತ್ತಿರ ಸೈಕಲ್ಲು ಕಂಡಿತು. ಸಾವುಕಾರ ಅದರ ಮೇಲಿರಲಿಲ್ಲ, ಪಕ್ಕದಲ್ಲಿದ್ದ. ಶಲ್ಯ ಸೊಂಟಕ್ಕೆ ಬಂದಿತ್ತು, ಕೈಯಲ್ಲಿ ಬುತ್ತಿ, ಮೈಯೆಲ್ಲ ಧೂಳು.

“ಏನೋ ಇದು?” ಅಜ್ಜ ಗದರಿದ. “ಮಧ್ಯಾಹ್ನದ ಬುತ್ತಿ ಈಗ ತಂದಿ. ಎಲ್ಲಿ ಕುಂತಿದ್ದಿ?”

ಮರುಳಸಿದ್ದಪ್ಪ ಬುತ್ತಿಯನ್ನು ಎರಡು ಕೈಯಿಂದ ಮಾವನ ಮುಂದಿಟ್ಟ. ಕೈ ಮುಗಿದೂ ಮುಗಿದೂ ಅವನ ಬೆರಳುಗಳು ಬಿಡಿಸಿಕೊಳ್ಳುವುದನ್ನೇ ಮರೆತಂತಿದ್ದವು. ಆಮೇಲೆ ಮೂಕಪ್ಪನ ಕಡೆ ತಿರುಗಿದ.

“ಮೂಕಪ್ಪ.”

“ರೀ ಸಾವ್ಕಾರ್ರ.”

“ಆ ತಾಯಕ್ಕ...”

“ಮರದ ಹಿಂದ ಇದ್ರೇನ್ರಿ?”

“ಹೋಗುವಾಗೂ ಇದ್ಲು, ಬರುವಾಗೂ ಇದ್ಲು.”

ಎಂದೂ ಇಲ್ಲದ ಒಂದು ನೆಂಟಸ್ತಿಕೆ ಆಗ ಅವರ ನಡುವೆ ಹುಟ್ಟಿತು. ಸಾವುಕಾರ ಗೇಟಿನವನನ್ನು ಕೂಗಿ ಕರೆದ.

“ಲೇ, ಕೇಳಿಲ್ಲಿ. ನಾಳಿಂದ ಬೆಳಗಿನ ಗಂಟಿ ಗಡಿಯಾರ ನೋಡಿ ಹೊಡೀಬ್ಯಾಡ. ಮೂಕಪ್ಪ ಬಂದ ಮ್ಯಾಲೆ ಹೊಡಿ.”