ಹನ್ನೊಂದು ಟೊಮ್ಯಾಟೊ ಸಸಿ, ಊರ ತುಂಬ ವೈದ್ಯರು

ಇಚಲಕರಂಜಿಯಲ್ಲಿ ಯಾವುದೇ ವಸ್ತು ಸುಮ್ಮನೆ ನಿಂತದ್ದು ಕಂಡರೆ ಜನಕ್ಕೆ ತಡೆಯುವುದಿಲ್ಲ. ಮಗ್ಗ ಓಡುವ ಊರು ಇದು. ನಿಂತದ್ದು ಎಂದರೆ ಕೆಟ್ಟದ್ದು. ಸೈಕಲ್ ನಿಲ್ಲಿಸಿ ಬೆವರು ಒರೆಸಿಕೊಂಡರೂ ಇಬ್ಬರು ಬಂದು ಚೈನು ನೋಡುತ್ತಾರೆ. ಅಂಥ ಊರಿನಲ್ಲಿ, ನನ್ನ ಅಡುಗೆಮನೆಯ ಕಿಟಕಿಯಲ್ಲಿ, ಹನ್ನೊಂದು ಟೊಮ್ಯಾಟೊ ಸಸಿಗಳು ಬೆಳೆಯದೆ ನಿಂತುಬಿಟ್ಟವು. ಅದನ್ನು ನಾಲ್ಕು ಜನರೆದುರು ಹೇಳಿದ್ದು ನನ್ನದೇ ತಪ್ಪು.

ಬೀಜ ನಮ್ಮ ಅಕ್ಕನದು. ಗಡಹಿಂಗ್ಲಜದ ಮನೆಯ ಹಿತ್ತಿಲಲ್ಲಿ ಅವಳು ವರ್ಷವರ್ಷವೂ ಅದೇ ತಳಿ ಬೆಳೆಯುತ್ತಿದ್ದಳು. ಚಪ್ಪಟೆ ಕಾಯಿ, ಮೈಮೇಲೆ ಗೆರೆ, ಕಣ್ಣು ಮುಚ್ಚಿಸುವ ಹುಳಿ. ದೀಪಾವಳಿ ಕಳೆದ ಮೇಲೆ ಅಕ್ಕ ತೀರಿಕೊಂಡಳು. ಹದಿಮೂರನೆಯ ದಿನಕ್ಕೆ ಚಪ್ಪರ ಹಾಕಬೇಕೆಂದು ಬಂಧುಗಳು ಹಿತ್ತಿಲನ್ನು ಚೊಕ್ಕ ಮಾಡಿದರು. ಅಂದರೆ, ಅವಳನ್ನು ನೆನೆಯುವುದಕ್ಕೆ ಜಾಗ ಬೇಕೆಂದು ಅವಳ ಗಿಡಗಳನ್ನೆಲ್ಲ ಕಿತ್ತು ಹಾಕಿದರು. ಉಳಿದದ್ದು ಅವಳು ಹಳೆಯ ಪೇಪರಿನ ಮೇಲೆ ಒಣಗಿಸಿಟ್ಟಿದ್ದ ಹದಿನೇಳು ಬೀಜ ಮಾತ್ರ. ಅಕ್ಕನ ಗಂಡನನ್ನು ನಾವು ದಾಜಿ ಎನ್ನುತ್ತೇವೆ. ಅವರು ಆ ಪೇಪರನ್ನು ಮಡಚಿ ನನ್ನ ಕೈಗಿಟ್ಟರು. "ನೀ ಕಲತಾಕಿ ಅದಿ ತಂಗಿ. ಸಸಿ ಮಾಡಿ ಕೊಡು. ನಾ ಅಕಿ ಜಾಗಾದಾಗ ಹಚ್ತೇನಿ."

ಪ್ಲಾಸ್ಟಿಕ್ ಕಪ್ಪುಗಳಲ್ಲಿ ಒಂದೊಂದೇ ಬೀಜ ಹಾಕಿದೆ. ಮೊಳೆತದ್ದು ಹನ್ನೊಂದು. ಇಪ್ಪತ್ತೆರಡನೆಯ ದಿನ ಎತ್ತರ ನಾಲ್ಕು ಸೆಂಟಿಮೀಟರ್. ಮೂವತ್ತನೆಯ ದಿನ ನಾಲ್ಕು ಸೆಂಟಿಮೀಟರ್. ಸ್ಕೇಲು ಬದಲಿಸಿ ಅಳೆದೆ. ನಾಲ್ಕೇ.

೧. ರೋಗ

ಎಲೆಗಳ ಮೇಲೆ ಬೆಳ್ಳಗೆ ಏನೋ ಕೂತಿತ್ತು. ಫೋಟೊ ತೆಗೆದು ಬೀಜ-ಗೊಬ್ಬರದ ಅಂಗಡಿಯವನಿಗೆ ತೋರಿಸಿದೆ. ಅವನು ಫೋಟೊವನ್ನು ಎರಡು ಸೆಕೆಂಡು ನೋಡಿದ; ನನ್ನ ಮುಖವನ್ನು ಸ್ವಲ್ಪ ಹೆಚ್ಚು ನೋಡಿದ.

"ಬೂದಿ ರೋಗ ಐತ್ರಿ ಬಾಯಾರ. ಭಾಳ ಮುಂದ ಹೋಗೇತಿ. ಈ ಬಾಟ್ಲಿ ಒಯ್ರಿ, ಎಂಟ ದಿನದಾಗ ಸಾಫ್."

ಮನೆಗೆ ಬಂದು ಬಾಟಲಿಯ ಮೇಲಿನ ಸೂಚನೆಗಳನ್ನು ಪೂರ್ತಿ ಓದಿದೆ. ಹಾಗೆ ಓದುವವಳು ಈ ಊರಿನಲ್ಲಿ ಬಹುಶಃ ನಾನೊಬ್ಬಳೇ. ಸಿಂಪಡಿಸುವ ಮುನ್ನ ಒಂದು ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದೆ. ರೋಗ ಇಡಿಯಾಗಿ ಬಟ್ಟೆಗೆ ಬಂತು. ಹತ್ತಿಯ ಧೂಳು. ಕಿಟಕಿಯ ಎದುರಿಗೇ ಮಗ್ಗದ ಶೆಡ್ಡು ಇದೆ.

ಬಾಟಲಿಯನ್ನು ಹಾಗೆಯೇ ವಾಪಸು ಒಯ್ದೆ. "ಅದು ರೋಗ ಅಲ್ರಿ, ಹತ್ತಿ. ಒರಿಸಿದ್ರ ಹೋತು" ಎಂದೆ. ಅವನು ಬಾಟಲಿಯನ್ನು ತಿರುಗಿಸಿ ಮುಚ್ಚಳ ಪರೀಕ್ಷಿಸಿದ.

"ಸೀಲ್ ಒಡೀಲಾರದ ಗುಣ ಆತಲ್ರಿ ಬಾಯಾರ! ಹಂತಾ ಪವರ್ ಐತಿ ಈ ಔಷಧಕ್ಕ."

೨. ಏಳನೆಯ ಇಯತ್ತೆ

ಧೂಳು ಒರೆಸಿದರೂ ಸಸಿಗಳು ಎದ್ದೇಳಲಿಲ್ಲ. ಒಂದು ಕಪ್ಪನ್ನು ನಾನು ಕಲಿಸುವ ಶಾಲೆಗೆ ಒಯ್ದು ಏಳನೆಯ ತರಗತಿಯವರ ಮುಂದೆ ಇಟ್ಟೆ. ವಿಜ್ಞಾನದ ಪಾಠವೂ ಆಗುತ್ತದೆ, ಪುಕ್ಕಟೆ ಸಲಹೆಯೂ ಸಿಗುತ್ತದೆ ಎಂಬ ಜಾಣತನ.

"ಈ ಸಸಿ ಯಾಕ ಬೆಳದಿಲ್ಲ? ವಿಚಾರ ಮಾಡಿ ಹೇಳ್ರಿ."

ಮೊದಲ ಬೆಂಚಿನ ಹುಡುಗಿ ಕೈ ಎತ್ತಿದಳು. "ಟೀಚರ್, ಇದನ್ನ ಎಲ್ಲೆ ಇಟ್ಟಿದ್ರಿ?"

"ಅಡಗಿಮನಿ ಕಿಡಕ್ಯಾಗ."

"ಅಲ್ಲೆ ಬಿಸಲ ಬರ್ತೈತೇನ್ರಿ?"

"ಇಲ್ಲ. ಎದುರಿಗೆ ಶೆಡ್ಡಿನ ಗ್ವಾಡಿ ಐತಿ."

ಅವಳು ಪುಸ್ತಕ ತೆರೆದು, ಗಿಡಕ್ಕೆ ಬೆಳಕು ಏಕೆ ಬೇಕು ಎಂಬ ಪಾಠದ ಮೇಲೆ ಬೆರಳಿಟ್ಟಳು. ಇಪ್ಪತ್ತಾರು ವರ್ಷಗಳಿಂದ ನಾನು ಕಲಿಸುತ್ತಿರುವ ಪಾಠ. ದನಿಯಲ್ಲಿ ನಿಜವಾದ ಕನಿಕರವಿತ್ತು.

"ಈ ಪಾಠ ನಿಮಗ ತಿಳೀಲಿಲ್ಲೇನ್ರಿ ಟೀಚರ್?"

೩. ನೆರಳು

ಮನೆಯ ಮಾಲಕಿಯನ್ನು ನಾವೆಲ್ಲ ಕಾಕು ಎನ್ನುತ್ತೇವೆ. ಮಾಳಿಗೆ ಅವರ ಹಪ್ಪಳದ ರಾಜ್ಯ. ಬಹಳ ಕೇಳಿಕೊಂಡ ಮೇಲೆ ಗೋಡೆಯ ಪಕ್ಕದಲ್ಲಿ ಒಂದು ಮೂಲೆ ಮಂಜೂರಾಯಿತು. ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹನ್ನೊಂದು ಕಪ್ಪುಗಳನ್ನು ಬಿಸಿಲಿಗಿಟ್ಟು ಹೋಗುವುದು, ಸಂಜೆ ಬಂದು ಅಳೆಯುವುದು. ನಾಲ್ಕು ದಿನ ಇಟ್ಟೆ. ನಾಲ್ಕು ದಿನವೂ ನಾಲ್ಕು ಸೆಂಟಿಮೀಟರ್.

ಐದನೆಯ ದಿನ ಶಾಲೆ ಬೇಗ ಬಿಟ್ಟಿತು. ಮಾಳಿಗೆ ಹತ್ತಿ ನೋಡಿದರೆ ನಾಲ್ಕು ಇಟ್ಟಿಗೆ ನಿಲ್ಲಿಸಿ, ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ, ಸಸಿಗಳ ಮೇಲೆ ಯಾರೋ ಅಚ್ಚುಕಟ್ಟಾಗಿ ಚಪ್ಪರ ಹಾಕಿದ್ದಾರೆ.

"ಕಾಕು, ಇದೇನ್ರಿ?"

"ಎಳೀ ಕೂಸುಗೋಳು ಬಾಯಾರ. ನೀವು ರಣರಣ ಬಿಸಲಾಗ ಒಗದು ಹೋಗ್ತೀರಿ. ನನಗ ನೋಡಾಕ ಆಗಂಗಿಲ್ಲ. ನೀವು ಹೋದಮ್ಯಾಗ ಹೊಚ್ಚತೇನಿ, ಬರೂದರಾಗ ತಗೀತೇನಿ."

ಒಂದಂತೂ ನಿಜ. ಪಕ್ಕದ ಬಿಸಿಲಿನಲ್ಲಿ ಆ ವರ್ಷ ಹಪ್ಪಳ ಭಾಳ ಚಲೋ ಒಣಗಿದವು.

೪. ಬಿಗಿ

ಸೀರೆ ತೆಗೆಸಿದೆ. ಕಾಕು ಎರಡು ದಿನ ಮಾತು ಬಿಟ್ಟರು. ಅಷ್ಟರಲ್ಲಿ ದಾಜಿಯ ಫೋನು: "ರವಿವಾರ ಬರ್ತೇನಿ ತಂಗಿ. ಹಿತ್ತಲಾ ಅಗದು ಇಟ್ಟೇನಿ." ಸಸಿಗಳು ಬಾಗಿ ನಿಂತಿದ್ದವು. ಇವನ್ನು ಆ ಮನುಷ್ಯನ ಕೈಗೆ ಹೇಗೆ ಕೊಡಲಿ? ಈ ಸಂಕಟವನ್ನು ಮೆಟ್ಟಿಲ ಮೇಲೆ ಸಿಕ್ಕ ಕೆಳಮನೆಯ ಜಾಬರನ ಮುಂದೆ ಹೇಳಿಕೊಂಡೆ. ಜಾಬರ್ ಎಂದರೆ ಕೆಟ್ಟ ಮಗ್ಗ ಓಡಿಸಿ ಕೊಡುವ ಮೇಸ್ತ್ರಿ. "ಚಿಂತಿ ಬಿಡ್ರಿ ಬಾಯಾರ" ಎಂದ. ನಾನು ಅದನ್ನು ಬರೀ ಸಮಾಧಾನದ ಮಾತು ಎಂದುಕೊಂಡೆ.

ಗುರುವಾರವೂ ನಾಲ್ಕೇ ಇತ್ತು. ಶುಕ್ರವಾರ ಮುಸ್ಸಂಜೆ ಅಳೆದೆ. ಆರು ಸೆಂಟಿಮೀಟರ್! ಎರಡನೆಯದು ಆರು. ಮೂರನೆಯದೂ ಆರು. ಹನ್ನೊಂದೂ ಸರಿಯಾಗಿ ಆರು, ಎಲ್ಲವೂ ನೆಟ್ಟಗೆ. ತರಗತಿಯಲ್ಲಿ ಹನ್ನೊಂದು ಮಕ್ಕಳು ಒಂದೇ ಉತ್ತರ ಬರೆದರೆ ನಕಲು ಎಂದು ಹಿಡಿಯುವವಳು ನಾನು. ಅಂದು ಹಿಡಿಯಲಿಲ್ಲ. ದಾಜಿಗೆ ವಿಡಿಯೊ ಕಾಲ್ ಮಾಡಿದೆ.

"ಎರಡು ಸೆಂಟಿಮೀಟರ್ ಬೆಳದಾವ್ರಿ ದಾಜಿ, ಒಂದ ದಿನದಾಗ!"

ಅವರು ಕನ್ನಡಕ ಹಾಕಿಕೊಂಡರು. ಆಮೇಲೆ, "ಹತ್ರ ತೋರಸು" ಎಂದರು.

ನಾನು ಒಂದು ಕಪ್ಪನ್ನು ಪಕ್ಕಕ್ಕೆ ಎಳೆದು ಫೋನಿನ ಮುಂದೆ ಹಿಡಿದೆ. ಕಪ್ಪು ಬಂತು. ಸಸಿ ಬರಲಿಲ್ಲ.

"ತಂಗಿ," ದಾಜಿ ಮೆಲ್ಲಗೆ ಹೇಳಿದರು, "ಟಮಾಟಿ ಗಾಳ್ಯಾಗ ನಿಂತೈತಲ್ಲ!"

ಹೌದು, ಬೇರು ಇಳಿಬಿಟ್ಟುಕೊಂಡು ಗಾಳಿಯಲ್ಲಿ ತೂಗುತ್ತಿತ್ತು. ಬಟ್ಟೆ ಒಣಹಾಕುವ ತಂತಿಯಿಂದ ಪ್ರತಿ ಸಸಿಯ ಕೊರಳಿಗೂ ಒಂದು ಬಿಳಿ ನೂಲು. ಸುಣ್ಣದ ಗೋಡೆಯ ಮುಂದೆ, ಆ ಮಬ್ಬು ಬೆಳಕಿನಲ್ಲಿ, ನನ್ನ ಕಣ್ಣಿಗೆ ಕಂಡಿರಲಿಲ್ಲ. ನನ್ನ ಕೂಗಿಗೆ ಜಾಬರ್ ಓಡಿ ಬಂದ.

"ಎಳಿ ಸಡ್ಲ ಬಿದ್ದಿದ್ವು ಬಾಯಾರ. ಮ್ಯಾಲಕ ಜಗ್ಗಿ ಟೆನ್ಶನ್ ಕೊಟ್ಟೇನಿ. ಹನ್ನೊಂದೂ ಒಂದ ಲೆವೆಲ್ ನೋಡ್ರಿ, ಕೂದಲೆಳಿ ಫರಕ ಇಲ್ಲ."

"ಅವು ನೂಲಲ್ಲಪ್ಪಾ, ಗಿಡ!"

"ಗೊತ್ತೈತ್ರಿ. ಅದಕ್ಕ ಭಾಳ ಬಿಗಿ ಮಾಡಿಲ್ಲ."

ಗಂಟು ಬಿಚ್ಚಿದವನೂ ಅವನೇ. ಒಂದು ಕಾಂಡವೂ ಮುರಿಯಲಿಲ್ಲ. ಆ ಬೆರಳುಗಳಿಗೆ ಆ ವಿದ್ಯೆ ಇದೆ. ಟೊಮ್ಯಾಟೊ ಕಾಂಡವನ್ನು ಮಣ್ಣಿನಲ್ಲಿ ಹೂತರೆ ಅಲ್ಲಿಂದಲೂ ಬೇರು ಬಿಡುತ್ತದೆ. ದೊಡ್ಡ ಡಬ್ಬಿಗಳಿಗೆ ಬದಲಿಸಿ, ಕೊರಳಿನವರೆಗೆ ಮಣ್ಣು ತುಂಬಿದೆ. ಎರಡು ಉಳಿಯಲಿಲ್ಲ. ರವಿವಾರ ದಾಜಿ ಬಂದು ಉಳಿದ ಒಂಬತ್ತನ್ನು ನೋಡಿದರು. ಮಣ್ಣಿನ ಮೇಲೆ ಕಾಣುತ್ತಿದ್ದದ್ದು ಎರಡು ಸೆಂಟಿಮೀಟರ್.

"ಫೋನಿನ್ಯಾಗ ಆರು ಅಂದಿದ್ದಿ. ಇನ್ನೆರಡ ದಿನ ನಿನ್ನ ಕಡೆ ಇದ್ದಿದ್ರ ತಿರಿಗಿ ಬೀಜ ಆಕ್ಕಿದ್ವು."

ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತು ಹೋದರು. ನಲವತ್ತು ದಿನ ಸುದ್ದಿ ಇಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ. ನಲವತ್ತೊಂದನೆಯ ದಿನ ಅವರೇ ಫೋನು ಮಾಡಿದರು.

"ಒಂಬತ್ತೂ ಬೇರ ಹಿಡದಾವ ತಂಗಿ. ಮೊಣಕಾಲ ಮಟ ಬಂದಾವು. ಅಕಿ ಇದ್ದಾಗ ಬರೂ ಹಂಗ."

"ಏನ್ ಹಾಕಿದ್ರಿ ದಾಜಿ?" ಎಂದೆ.

"ಹಿತ್ತಲ ಬಾಗಲಕ್ಕ ಕೀಲಿ ಹಾಕೇನಿ" ಎಂದರು. "ನೀ ಬಾ, ಊಟಾ ಮಾಡು, ಕಿಡಕ್ಯಾಗಿಂದ ನೋಡು. ಒಳಗ ಬಿಡಂಗಿಲ್ಲ."