ಅತ್ತೆ ಹಿಡಿಯದ ಮೊಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಹುಟ್ಟಿದ್ದು ನಮ್ಮ ಸೋದರತ್ತೆಯನ್ನು ನೋಡಿಯೇ ಇರಬೇಕು! ಒಂದೇ ಒಂದು ವ್ಯತ್ಯಾಸ. ನಮ್ಮತ್ತೆ ಮೊಲವನ್ನು ಹಿಡಿಯುವುದೇ ಇಲ್ಲ, ಬೇರೆಯವರಿಗೆ ಹಿಡಿಯಲು ಬಿಡುವುದೂ ಇಲ್ಲ.

ಅತ್ತೆ ವಿಲಾಯಿತಿಯ ವಿದನ್‌ಶಾ ಎಂಬಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಇಪ್ಪತ್ತೈದು ವರ್ಷದಿಂದ ನಿದ್ದೆ ಹೋದವರ ಜೊತೆಗೇ ಕೆಲಸ. ಹಾಗಾಗಿ ಎದುರಿಗಿದ್ದವರು ಬಾಯಿಬಿಟ್ಟು ಅಭಿಪ್ರಾಯ ಹೇಳಿದರೆ ಅವರಿಗೆ ಆಶ್ಚರ್ಯವಾಗುತ್ತದೆ. ಮೈಸೂರಿನಿಂದ ಎಂ.ಎಸ್ಸಿ. ಓದಲು ಬಂದ ನಾನು ಅಲ್ಲೇ ಹತ್ತಿರದ ಡಿಡ್ಸ್‌ಬರಿಯ ಅವರ ಮನೆಯಲ್ಲಿ, ಮಹಡಿಯ ಕೋಣೆಯಲ್ಲಿದ್ದೆ. ದೊಡ್ಡ ಡೈನಿಂಗ್ ಟೇಬಲ್ ಇದ್ದರೂ ಅತ್ತೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದುದು ಮಹಡಿ ಮೆಟ್ಟಿಲ ಮೇಲೆ, ನನ್ನ ಬಾಗಿಲಿಗೆ ಬೆನ್ನು ಹಾಕಿ ಕೂತು! ಕೆಳಗಿಳಿಯಬೇಕೆಂದರೆ ಸೊಪ್ಪಿನ ರಾಶಿ ದಾಟಬೇಕು. ಇಂಥವರು ಮೊಲ ತಂದರೆ ಸಾಧಾರಣ ಮೊಲ ತಂದಾರೆಯೇ?

"ಅರ್ಧ ಕಾಡುಮೊಲ ಕಣೋ. ತಾಯಿ ಯಾರದೋ ಮನೇಲಿ ಸಾಕಿದ್ದು, ತಂದೆ ಹೊಲದಲ್ಲಿರೋನು," ಎಂದರು.

"ಅರ್ಧ ಕಾಡನ್ನ ಮನೇಲಿ ಹೇಗೆ ಇಟ್ಕೊಳ್ಳೋದು ಅತ್ತೆ?"

"ನಿಮ್ಮಪ್ಪನ ಜೊತೆ ನಾನು ಹದಿನೆಂಟು ವರ್ಷ ಇರ್ಲಿಲ್ವಾ?"

ಆಗತಾನೇ ವಾಟ್ಸ್ಯಾಪ್ ಕಲಿತಿದ್ದ ಅಪ್ಪನಿಗೆ ಈ ಮಾತನ್ನು ಕಳಿಸಿದೆ. ತಂಗಿಯ ಮಾತಿಗೆ ಅಪ್ಪ ಒಂದು ಹೂವಿನ ಚಿತ್ರ ಕಳಿಸಿದರು.

ಹಡರ್ಸ್‌ಫೀಲ್ಡ್ ಕಡೆಯ ಒಂದು ಪ್ರಾಣಿಧಾಮದಿಂದ ಬಂದ ಮೊಲ ಅದು. ಎರಡು ಮನೆಯವರು ಆಗಲೇ ವಾಪಸ್ ಕಳಿಸಿದ್ದರು. ಆರು ವಾರದೊಳಗೆ ತಾನಾಗಿ ಮನುಷ್ಯರ ಹತ್ತಿರ ಬರದಿದ್ದರೆ ಇಲ್ಲಿಂದಲೂ ವಾಪಸ್, ಆಮೇಲೆ ಯಾರಿಗೂ ಕೊಡುವುದಿಲ್ಲ, ಸಾಯುವ ತನಕ ಗೂಡೇ ಗತಿ ಎಂದು ಅಲ್ಲಿಯ ಹೆಂಗಸು ಹೇಳಿದ್ದಳು.

ಮೊದಲ ದಿನವೇ ನಾನು ಪ್ರೀತಿಯಿಂದ ಕೈ ಚಾಚಿದೆ. ಎರಡು ಹೊಲಿಗೆ ಬಿತ್ತು!

"ಅವನ ಜಾಗಕ್ಕೆ ಹೋಗಿ ಕೈ ಹಾಕಿದ್ರೆ ಇನ್ನೇನು ಮಾಡ್ತಾನೆ? ಕಾಫಿ ಕೊಡ್ತಾನಾ?" ಎಂದು ಅತ್ತೆ ನನ್ನನ್ನೇ ಬೈದರು.

ಎರಡನೆಯ ದಿನ ಮಿಕ್ಸಿ ಹಾಕಿದೆ. ಮೊಲ ಹಿಂಗಾಲಿನಿಂದ ನೆಲ ಬಡಿದು ಸೋಫಾ ಹಿಂದೆ ಸೇರಿಕೊಂಡಿತು. ಅಂದಿನಿಂದ ಮಿಕ್ಸಿ ಬಂದ್, ಕುಕ್ಕರ್ ಬಂದ್! ಚಟ್ನಿಯಿಲ್ಲದೆ ಆರು ವಾರ ಬದುಕಲು ನಾನೇನು ಸನ್ಯಾಸಿಯೇ? ನವೆಂಬರ್ ಚಳಿಯಲ್ಲಿ ಕೋಟು ತೊಟ್ಟು, ಗ್ಯಾರೇಜಿನಲ್ಲಿ ಸೈಕಲ್ಲುಗಳ ನಡುವೆ ನಿಂತು ಕಾಯಿಚಟ್ನಿ ರುಬ್ಬಿದೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ, ಎಲ್ಲ ಸರಿಯಿದೆಯಾ ಎಂದು ಕೇಳಿದರು. "ಚಟ್ನಿ" ಎಂದೆ. ಅವರು ಮತ್ತೆ ಕೇಳಲಿಲ್ಲ.

ಸಾಲದ್ದಕ್ಕೆ ದಿನಾ ಒಂದು ಗಂಟೆ ನೆಲದ ಮೇಲೆ, ಮೊಲಕ್ಕೆ ಬೆನ್ನು ಹಾಕಿ, ಅದನ್ನು ನೋಡದೆ, ಕರೆಯದೆ ಏನಾದರೂ ಕೆಲಸ ಮಾಡುತ್ತ ಕೂರಬೇಕು. ಅದಕ್ಕೊಂದು ಪಾಳಿಪಟ್ಟಿ ಬೇರೆ ಫ್ರಿಜ್ ಮೇಲೆ ಅಂಟಿಸಿದ್ದರು!

"ಇದು ಮೊಲ ಸಾಕೋದಾ ಅತ್ತೆ? ಮೊಲವೇ ನಮ್ಮನ್ನ ಸಾಕ್ತಿದೆ."

"ಸಾಕಲಿ ಬಿಡು. ನಿನ್ನನ್ನ ಯಾರಾದ್ರೂ ಸಾಕ್ಲೇಬೇಕಲ್ಲ."

ಐದನೆಯ ವಾರ ಅತ್ತೆ ಡ್ಯೂಟಿಗೆ ಹೋದಾಗ ನನ್ನ ತಾಳ್ಮೆ ಕೆಟ್ಟಿತು. ಬೇಳೆಗೆ ಕುಕ್ಕರ್ ಇಟ್ಟೇಬಿಟ್ಟೆ. ಮೂರು ವಿಷಲ್! ಮೊಲ ಮೂರು ದಿನ ಸೋಫಾ ಹಿಂದಿನಿಂದ ಹೊರಗೆ ಬರಲಿಲ್ಲ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ರಾಣಿಧಾಮದವರಿಗೆ ಫೋನ್ ಮಾಡಿ, ಗಡುವು ಮುಗಿಯುವ ಭಾನುವಾರ ಬನ್ನಿ, ಬಹುಶಃ ಕರೆದುಕೊಂಡು ಹೋಗಬೇಕಾಗುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದರು.

ಶನಿವಾರ ನನ್ನ ಪಾಳಿ. ತಪ್ಪಿತಸ್ಥನಂತೆ ನೆಲದ ಮೇಲೆ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದೆ. ಮುಕ್ಕಾಲು ಕಟ್ಟು ಮುಗಿದಿತ್ತು. ಕಾಲುಚೀಲಕ್ಕೆ ಏನೋ ಸೋಕಿತು. ಮೊಲ ನನ್ನ ಹಿಮ್ಮಡಿಗೆ ಗಲ್ಲ ಉಜ್ಜಿ, ಕಾಲಿಗೊರಗಿ ಕೂತು, ಒಂದು ಮೆಂತ್ಯದ ಕಡ್ಡಿ ಎಳೆದುಕೊಂಡು ತಿನ್ನತೊಡಗಿತು!

ಹಿಂದೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ತಿರುಗ್ಬೇಡ. ಸೊಪ್ಪು ಬಿಡಿಸ್ತಾ ಇರು," ಎಂದು ಪಿಸುಗುಟ್ಟಿದರು.

ಸೊಪ್ಪು. ಬೆನ್ನು. ನನಗೆ ಮೆಟ್ಟಿಲು ನೆನಪಾಯಿತು.

ಅಮ್ಮ ತೀರಿಕೊಂಡ ಎರಡೇ ತಿಂಗಳಿಗೆ ಈ ಊರಿಗೆ ಬಂದವನು ನಾನು. ಕ್ಲಾಸಿಗೆ ಹೋಗಿ ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅತ್ತೆ ಒಂದು ದಿನವೂ ಬಾಗಿಲು ತಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಎಂಥ ಕಲ್ಲುಹೃದಯ ಎಂದುಕೊಂಡಿದ್ದೆ. ಅವರು ಸಂಜೆಯೆಲ್ಲ ಮೆಟ್ಟಿಲ ಮೇಲೆ ಆ ಕಡೆ ತಿರುಗಿ ಸೊಪ್ಪು ಬಿಡಿಸುತ್ತಿದ್ದರು. ಒಂದು ಸಂಜೆ ನಾನೇ ಹೊರಬಂದು ಹಿಂದಿನ ಮೆಟ್ಟಿಲಲ್ಲಿ ಕೂತೆ. ಅತ್ತೆ ತಿರುಗದೆಯೇ ಅರ್ಧ ಕಟ್ಟು ನನ್ನತ್ತ ಸರಿಸಿದರು. ನಾನಾಗಿಯೇ ಹೊರಬಂದೆನೆಂದು ಇಷ್ಟು ದಿನ ನಂಬಿದ್ದೆನಲ್ಲ!

"ಅತ್ತೆ, ನನಗೆ ಎಷ್ಟು ವಾರದ ಗಡುವು ಇಟ್ಟಿದ್ರಿ?" ಎಂದೆ.



"ನಿನಗೆ ಗಡುವು ಇರ್ಲಿಲ್ಲ ಕಣೋ."

ನಾನು ತಿರುಗಲಿಲ್ಲ. ಕಾಲಿಗೊರಗಿ ಮೊಲ ಕೂತಿತ್ತು. ಅದೂ ಅಲ್ಲದೆ, ನಾನು ಅಳುತ್ತಿದ್ದೆ.